ಟಸ್ಟುಮೀನಾ ಹಡಗಿನಲ್ಲಿ ಅಲ್ಯೂಟರ ದ್ವೀಪಗಳಿಗೆ

ಬುಧವಾರ, ಕೋಡಿಯಾಕ್

ಟಸ್ಟುಮೀನಾ ದೊಡ್ಡ ಹಡಗೇನಲ್ಲ. ಉದ್ದ 90 ಮೀಟರ್, ನೀರಿಗೆ ಇಳಿದದ್ದು 1964ರಲ್ಲಿ. ಅಲಾಸ್ಕಾ ಸರ್ಕಾರ ನಡೆಸುವ ಈ ಫೆರಿ ಬೇಸಿಗೆ ತಿಂಗಳುಗಳಲ್ಲಿ ಮಾತ್ರ ಕೋಡಿಯಾಕ್‌ನಿಂದ ಪಶ್ಚಿಮಕ್ಕೆ, ಅಲ್ಯೂಷಿಯನ್ ದ್ವೀಪಗಳ ಡಚ್ ಹಾರ್ಬರ್‌ವರೆಗೆ ಹೋಗುತ್ತದೆ. ದಾರಿಯಲ್ಲಿ ಸಿಗುವ ಒಂದು ಊರಿಗೂ ಹೊರಗಿನಿಂದ ರಸ್ತೆ ಇಲ್ಲ. ಫ್ರಿಜ್, ಹಳೇ ಪಿಕಪ್ ಟ್ರಕ್, ನಾಯಿ, ಬೀಗರ ಮನೆಗೆ ಹೊರಟ ಕುಟುಂಬ, ಎಲ್ಲಾ ಇದರಲ್ಲೇ ಬರಬೇಕು.

ನಾವಿರುವುದು ಸಿಯಾಟಲ್‌ನಲ್ಲಿ. ಅಲ್ಲಿನ ಮೀನುಗಾರಿಕೆ ಬಂದರಿನಿಂದ ಪ್ರತಿ ಸೀಸನ್ನಿಗೂ ದೋಣಿಗಳು ಉತ್ತರಕ್ಕೆ ಹೊರಡುತ್ತವೆ. ಎಲ್ಲಿಗೆ ಅಂತ ಕೇಳಿದರೆ ‘ಡಚ್’ಗೆ ಅಂತಾರೆ. ಡಚ್ ಅಂದರೆ ಏಡಿ, ಬಿರುಗಾಳಿ, ಕೈತುಂಬ ಸಂಬಳ. ಆ ದ್ವೀಪ ಮೊದಲಿಂದ ಯಾರದ್ದು ಅನ್ನುವ ಮಾತು ಮಾತ್ರ ಬರುತ್ತಲೇ ಇರಲಿಲ್ಲ. ಅದಕ್ಕೇ ವಿಮಾನ ಬಿಟ್ಟು ಹಡಗು ಹಿಡಿದದ್ದು. ನಿಧಾನಕ್ಕೆ, ಊರೂರು ನಿಂತು ಹೋಗೋಣ ಅಂತ.

ಹತ್ತುವ ಮೊದಲು ಕೋಡಿಯಾಕ್‌ನ ಅಲುಟೀಕ್ ಮ್ಯೂಸಿಯಂಗೆ ಹೋಗಿದ್ದೆವು. ಕೋಡಿಯಾಕ್‌ನ ಮೂಲನಿವಾಸಿಗಳ ಭಾಷೆ ಬೇರೆ, ಅಲ್ಯೂಷಿಯನ್ ದ್ವೀಪದವರ ಭಾಷೆ ಬೇರೆ. ಆದರೆ 18ನೇ ಶತಮಾನದಲ್ಲಿ ತುಪ್ಪಳದ ಆಸೆಗೆ ಬಂದ ರಷ್ಯನ್ನರು ಇಬ್ಬರನ್ನೂ ‘ಅಲ್ಯೂಟ್’ ಅಂತಲೇ ಕರೆದರು. ದ್ವೀಪದವರು ತಮ್ಮನ್ನು ಉನಾಂಗಾನ್ ಅಂತಾರೆ. ಹಡಗಿನಲ್ಲಿ ಸಿಕ್ಕ ಹಿರಿಯರ ಬಾಯಲ್ಲಿ ಎರಡೂ ಹೆಸರು ಬರುತ್ತಿದ್ದವು. ನಾನೂ ಎರಡನ್ನೂ ಬಳಸುತ್ತೇನೆ.

ಗುರುವಾರ, ಸಮುದ್ರದ ಮೇಲೆ

ರಾತ್ರಿಯಿಡೀ ಹಡಗು ಹೊಯ್ದಾಡಿತು. ನಮ್ಮ ಯಜಮಾನರು ಹಾಸಿಗೆ ಬಿಟ್ಟು ಏಳಲಿಲ್ಲ. ‘ನೀನು ಹೋಗಿ ತಿಂದು ಬಾ, ನನ್ನ ಮುಂದೆ ಊಟದ ಹೆಸರು ಎತ್ತಬೇಡ’ ಅಂದರು. ಮೇಲಿನ ಡೆಕ್ಕಿನಲ್ಲಿ ಕೆಲವು ಹುಡುಗರು ಸಣ್ಣ ಟೆಂಟ್ ಹಾಕಿ, ಗಾಳಿಗೆ ಹಾರಿಹೋಗದಂತೆ ಟೇಪ್ ಅಂಟಿಸಿ ಮಲಗಿದ್ದರು. ಈ ಹಡಗಿನಲ್ಲಿ ಅದು ಮಾಮೂಲು.

ತಿಂಡಿಯ ಮೇಜಿನಲ್ಲಿ ಎದುರಿಗೆ ಕೂತಿದ್ದ ಅಜ್ಜಿ ಸೇಂಟ್ ಪಾಲ್ ದ್ವೀಪದವರು. ಈಗ ಆಂಕರೇಜ್‌ನಲ್ಲಿ ಇದ್ದಾರೆ. ಮಗಳು ಡಚ್ ಹಾರ್ಬರ್ ಬಂದರಿನ ಊರಾದ ಉನಲಾಸ್ಕದಲ್ಲಿ ಕೆಲಸ ಮಾಡುತ್ತಾಳಂತೆ, ಅವಳನ್ನು ನೋಡಲು ಹೊರಟಿದ್ದರು. ಸೇಂಟ್ ಪಾಲ್ ಇರುವುದು ಬೇರಿಂಗ್ ಸಮುದ್ರದ ನಡುವೆ, ಪ್ರಿಬಿಲೋಫ್ ದ್ವೀಪಗಳಲ್ಲಿ. ಅಲ್ಲಿ ಮೊದಲು ಜನವಸತಿ ಇರಲಿಲ್ಲ. ಮರಿ ಹಾಕಲು ಲಕ್ಷಗಟ್ಟಲೆ ಬರುತ್ತಿದ್ದ ಫರ್ ಸೀಲ್‌ಗಳಿದ್ದವು. 1786ರಲ್ಲಿ ರಷ್ಯನ್ ನಾವಿಕ ಪ್ರಿಬಿಲೋಫ್ ದ್ವೀಪಗಳನ್ನು ಕಂಡ ಮೇಲೆ ಉನಲಾಸ್ಕ, ಆಟ್ಕಾ ಕಡೆಯ ಉನಾಂಗಾನ್ ಕುಟುಂಬಗಳನ್ನು ಅಲ್ಲಿಗೆ ಸಾಗಿಸಿದರು. ಕೆಲಸ ಒಂದೇ, ಸೀಲ್ ಕೊಂದು ಚರ್ಮ ಸುಲಿಯುವುದು.

‘1867ರಲ್ಲಿ ಅಮೆರಿಕ ಬಂತಲ್ಲ, ಆಗಲಾದರೂ ಬದಲಾಯಿತಾ?’ ಅಂತ ಕೇಳಿದೆ. ಅಜ್ಜಿ ನಕ್ಕರು. ‘ಧಣಿ ಬದಲಾದ, ಕೆಲಸ ಅದೇ.’

ರಷ್ಯಾ ಅಲಾಸ್ಕಾವನ್ನು ಮಾರಿದ್ದು 72 ಲಕ್ಷ ಡಾಲರಿಗೆ. ಸೀಲ್ ಚರ್ಮದಿಂದ ಬಂದ ಆದಾಯ ಆ ಮೊತ್ತವನ್ನು ಯಾವಾಗಲೋ ದಾಟಿತು. ಚರ್ಮ ಸುಲಿದವರಿಗೆ ಮಾತ್ರ ಬಹುಕಾಲ ಕೂಲಿಯೂ ಸರಿಯಾಗಿ ಕೈಗೆ ಬರಲಿಲ್ಲ. ಮನೆ, ಅಂಗಡಿ, ಕಲ್ಲಿದ್ದಲು ಎಲ್ಲಾ ಸರ್ಕಾರದ ಏಜೆಂಟನ ಕೈಯಲ್ಲಿ. ದ್ವೀಪ ಬಿಡಬೇಕಾದರೂ ಅವನನ್ನೇ ಕೇಳಬೇಕು. ಅಮೆರಿಕದಲ್ಲಿ 20ನೇ ಶತಮಾನದಲ್ಲೂ ಇಂಥದ್ದು ನಡೆದಿತ್ತು ಅಂದರೆ ಎಷ್ಟು ಜನ ನಂಬುತ್ತಾರೋ. ಸರ್ಕಾರ ಸೀಲ್ ವ್ಯಾಪಾರದಿಂದ ಕೈ ತೊಳೆದುಕೊಂಡು ದ್ವೀಪದ ಆಡಳಿತವನ್ನು ಅಲ್ಲಿಯವರಿಗೇ ಬಿಟ್ಟದ್ದು 1983ರಲ್ಲಿ. ಅದಕ್ಕೆ ಕೆಲವು ವರ್ಷ ಮುಂಚೆ, 1979ರಲ್ಲಿ, ಪ್ರಿಬಿಲೋಫ್ ಜನರಿಗೆ ಮಾಡಿದ ಅನ್ಯಾಯಕ್ಕೆ 85 ಲಕ್ಷ ಡಾಲರ್ ಪರಿಹಾರ ಸಿಕ್ಕಿತ್ತು.

ಸೀಲ್ ಮಾಂಸ ಈಗಲೂ ತಿನ್ನುತ್ತೀರಾ ಅಂತ ಕೇಳಿದ್ದಕ್ಕೆ ಅಜ್ಜಿಯ ಮುಖ ಅರಳಿತು. ಮಾರಾಟಕ್ಕೆ ಕೊಲ್ಲುವುದು ನಿಂತಿದೆ, ಮನೆಯ ಊಟಕ್ಕೆ ಇಷ್ಟು ಅಂತ ಈಗಲೂ ಹಿಡಿಯುತ್ತಾರೆ. ಆಂಕರೇಜ್‌ನ ಅವರ ಫ್ರೀಜರ್‌ನಲ್ಲಿ ಯಾವಾಗಲೂ ಒಂದಿಷ್ಟು ಇದ್ದೇ ಇರುತ್ತದಂತೆ.

ಸಂಜೆ ಚಿಗ್ನಿಕ್ ಬಂತು. ಮಂಜು ಎಷ್ಟಿತ್ತು ಅಂದರೆ ಊರು ಕಾಣಲೇ ಇಲ್ಲ. ಇಳಿಯಲಿಲ್ಲ.

ಶುಕ್ರವಾರ, ಸ್ಯಾಂಡ್ ಪಾಯಿಂಟ್‌ನಿಂದ ಫಾಲ್ಸ್ ಪಾಸ್

ಹಡಗು ನಿಂತಷ್ಟು ಹೊತ್ತು ಸ್ಯಾಂಡ್ ಪಾಯಿಂಟ್‌ನಲ್ಲಿ ಓಡಾಡಿದೆವು. ಉನಾಂಗಾನ್ ಊರು, ಆದರೆ ಅಂಗಡಿ ಬೋರ್ಡು, ದೋಣಿಗಳ ಮೇಲೆ ನಾರ್ವೆ, ಸ್ವೀಡನ್ ಕಡೆಯ ಮನೆತನದ ಹೆಸರುಗಳು. ಕಾಡ್ ಮೀನು ಹಿಡಿಯಲು ಬಂದ ಸ್ಕ್ಯಾಂಡಿನೇವಿಯಾದವರು ಇಲ್ಲೇ ಮದುವೆಯಾಗಿ ನಿಂತದ್ದರಿಂದ ಹೀಗೆ. ರಷ್ಯನ್ ಹೆಸರಿನ ಅಜ್ಜಿ, ನಾರ್ವೆ ಹೆಸರಿನ ಅಜ್ಜ, ಇಂಗ್ಲಿಷ್ ಮಾತಾಡುವ ಮೊಮ್ಮಕ್ಕಳು. ಬೆಟ್ಟದ ಮೇಲೆ ಕಾಡೆಮ್ಮೆಗಳೂ ಇವೆಯಂತೆ, 1950ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ಬೈಸನ್. ನಮಗೆ ಕಾಣಲಿಲ್ಲ.

ಕಿಂಗ್ ಕೋವ್‌ನಲ್ಲಿ ಊರಿನ ಮುಖ ಬೇರೆಯೇ ಇತ್ತು. 1911ರಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಸುತ್ತ ಬೆಳೆದ ಊರು ಇದು. ಆ ಕಾರ್ಖಾನೆ 2024ರ ಜನವರಿಯಲ್ಲಿ ಬಾಗಿಲು ಹಾಕಿತು. ಮೀನು ಹಿಡಿದರೂ ಊರಲ್ಲಿ ಕೊಳ್ಳುವವರಿಲ್ಲ, ಊರಿನ ತೆರಿಗೆಗೂ ಪೆಟ್ಟು. ಬಂದರಿನಲ್ಲಿ ಬಲೆ ಸರಿ ಮಾಡುತ್ತಿದ್ದವರೊಬ್ಬರು ‘ಹಿಡಿಯೋದು ನಮಗೆ ಬರುತ್ತೆ, ಮಾರೋದು ನಮ್ಮ ಕೈಯಲ್ಲಿಲ್ಲ’ ಅಂದರು.

ಅವರ ಇನ್ನೊಂದು ಸಿಟ್ಟು ರಸ್ತೆಯದು. ಕಿಂಗ್ ಕೋವ್‌ನ ಏರ್‌ಸ್ಟ್ರಿಪ್ ಚಿಕ್ಕದು, ಗಾಳಿ ಜಾಸ್ತಿ. ಆಸ್ಪತ್ರೆಗೆ ಅಂತ ಹೊರಟರೆ ಆಂಕರೇಜ್‌ಗೇ ಹೋಗಬೇಕು. ಸುಮಾರು 30 ಕಿಲೋಮೀಟರ್ ಆಚೆ ಕೋಲ್ಡ್ ಬೇ ಇದೆ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ರನ್‌ವೇ, ಮೂರು ಕಿಲೋಮೀಟರ್ ಉದ್ದ, ಎಂಥ ವಿಮಾನವೂ ಇಳಿಯಬಹುದು. ನಡುವೆ ರಸ್ತೆ ಹಾಕಬೇಕಾದರೆ ಇಜೆಂಬೆಕ್ ವನ್ಯಜೀವಿ ಧಾಮವನ್ನು ದಾಟಬೇಕು. ಪೆಸಿಫಿಕ್ ತೀರದ ಬ್ರ್ಯಾಂಟ್ ಹೆಬ್ಬಾತುಗಳೆಲ್ಲಾ ಹೆಚ್ಚುಕಡಿಮೆ ಇಲ್ಲಿಗೇ ಬಂದು, ಇಲ್ಲಿಯ ಕಡಲ ಹುಲ್ಲು ತಿಂದು ಮುಂದೆ ಹಾರುತ್ತವೆ. ದಶಕಗಳಿಂದ ವಾಷಿಂಗ್ಟನ್‌ನಲ್ಲಿ ಜಗ್ಗಾಟ. ರೋಗಿ ಮುಖ್ಯವೋ ಹಕ್ಕಿ ಮುಖ್ಯವೋ ಅಂತ ಸುಲಭಕ್ಕೆ ಹೇಳಿಬಿಡಬಹುದು. ಆದರೆ ಉತ್ತರದ ಯೂಪಿಕ್ ಹಳ್ಳಿಗಳವರು ಇದೇ ಹಕ್ಕಿಗಳನ್ನು ಬೇಟೆಯಾಡಿ ತಿನ್ನುವವರು, ಅವರಲ್ಲಿ ಎಷ್ಟೋ ಜನ ರಸ್ತೆ ಬೇಡ ಅಂತಾರೆ. ಎರಡು ಕಡೆಯೂ ಮೂಲನಿವಾಸಿಗಳೇ. ನನಗೆ ಕೇಳಿದರೆ, ಹೊಯ್ದಾಡುವ ದೋಣಿಯಲ್ಲಿ ಕಾಯಿಲೆಯವರನ್ನು ಮಲಗಿಸಿ ಕೊಲ್ಲಿ ದಾಟಿಸಿದವರ ಮಾತಿಗೆ ತೂಕ ಜಾಸ್ತಿ.

ಸಂಜೆ ಮೋಡ ಸರಿದು ಶಿಶಾಲ್ಡಿನ್ ಕಂಡಿತು. 2,857 ಮೀಟರ್ ಎತ್ತರದ ಅಗ್ನಿಪರ್ವತ, ನೆತ್ತಿಯಲ್ಲಿ ಹೊಗೆ. ಇವರೂ ಅಷ್ಟರಲ್ಲಿ ಎದ್ದು ಡೆಕ್ಕಿಗೆ ಬಂದಿದ್ದರು. ‘ಇಷ್ಟು ಹೊತ್ತು ಯಾಕೆ ಎಬ್ಬಿಸಲಿಲ್ಲ?’ ಅಂತ ನನ್ನ ಮೇಲೇ ರೇಗಿದರು. ಈ ಪರ್ವತ ಇರುವುದು ಯೂನಿಮಾಕ್ ದ್ವೀಪದಲ್ಲಿ. ಇಲ್ಲಿಂದ ಅಲ್ಯೂಷಿಯನ್ ಸರಣಿ ಶುರು, ರಷ್ಯಾದ ಕಮ್‌ಚಾಟ್ಕಾ ದಿಕ್ಕಿಗೆ ಸುಮಾರು 1,900 ಕಿಲೋಮೀಟರ್ ಚಾಚಿದೆ.

ಶನಿವಾರ, ಉನಲಾಸ್ಕ

ಬೆಳಗಾಗುವ ಮುಂಚೆ ಅಕುಟಾನ್‌ಗೆ ಬಂದೆವು. ಒಂದು ಕಡೆ ಪುಟ್ಟ ಉನಾಂಗಾನ್ ಹಳ್ಳಿ, ಇನ್ನೊಂದು ಕಡೆ ದೀಪಗಳಿಂದ ಧಗಧಗಿಸುವ ಭಾರೀ ಮೀನು ಕಾರ್ಖಾನೆ. ಇವರ ವಿಮಾನ ನಿಲ್ದಾಣ ಪಕ್ಕದ ಅಕುನ್ ದ್ವೀಪದಲ್ಲಿದೆ, ವಿಮಾನ ಇಳಿದವರು ಊರಿಗೆ ಬರಲು ಹೆಲಿಕಾಪ್ಟರ್ ಹತ್ತಬೇಕು!

ಡಚ್ ಹಾರ್ಬರ್ ಅನ್ನುವುದು ಬಂದರಿನ ಹೆಸರು, ಊರು ಉನಲಾಸ್ಕ. ಬಂದರು ಇರುವುದು ಅಮಾಕ್ನಾಕ್ ಎಂಬ ಸಣ್ಣ ದ್ವೀಪದಲ್ಲಿ, ಹಳೇ ಊರು ಸೇತುವೆಯ ಆಚೆ. ಹಿಡಿದ ಮೀನಿನ ತೂಕದ ಲೆಕ್ಕದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ನಂಬರ್ ಒನ್ ಬಂದರು ಇದು. ಅದರಲ್ಲಿ ಪೊಲಾಕ್ ಮೀನಿನದೇ ಸಿಂಹಪಾಲು. ಬರ್ಗರ್ ಅಂಗಡಿಗಳ ಮೀನಿನ ಪ್ಯಾಟಿ ಬಹಳಷ್ಟು ಅದೇ. ದಾರಿಯುದ್ದಕ್ಕೂ ಏಡಿ ಹಿಡಿಯುವ ಕಬ್ಬಿಣದ ಬೋನುಗಳ ರಾಶಿ, ಅದರ ಮೇಲೆ ಬಿಳಿ ತಲೆಯ ಹದ್ದುಗಳು. ಗೂಡಿನ ಹತ್ತಿರ ಹೋದವರ ತಲೆಗೇ ಎರಗುತ್ತವೆ, ಹುಷಾರು.

2020ರ ಜನಗಣತಿಯಲ್ಲಿ ಊರಿನ ಜನ 4,254. ಸೀಸನ್ನಿನಲ್ಲಿ ಅದರ ಮೇಲೆ ಸಾವಿರಾರು ಕೆಲಸಗಾರರು. ಅಂಗಡಿಯಲ್ಲಿ ತಗಾಲಾಗ್, ಸ್ಪ್ಯಾನಿಷ್, ವಿಯೆಟ್ನಾಮಿ ಭಾಷೆ ಕೇಳಿಸಿತು. ಅಕ್ಕಿ ಚೀಲ ನಮಗೆ ಬೇಕಾದಷ್ಟು ದೊಡ್ಡದೇ ಸಿಕ್ಕಿತು. ಉನಾಂಗಾನ್ ಜನ ತಮ್ಮ ಊರಲ್ಲೇ ಈಗ ಅಲ್ಪಸಂಖ್ಯಾತರು. ಆದರೆ ನೆಲದ ಬಹುಪಾಲು ಅವರ ಕೈಗೆ ಮರಳಿದೆ. 1971ರ ಅಲಾಸ್ಕಾ ಮೂಲನಿವಾಸಿಗಳ ಕಾಯ್ದೆಯಿಂದ ಹುಟ್ಟಿದ, ಅವರದ್ದೇ ಆದ ಊನಲಾಷ್ಕಾ ಕಾರ್ಪೊರೇಷನ್ ಎಂಬ ಕಂಪನಿ ಅದರ ಒಡೆಯ. ರಸ್ತೆ ಬಿಟ್ಟು ಬೆಟ್ಟ ಹತ್ತಬೇಕಾದರೆ ಪ್ರವಾಸಿಗರು ಅವರ ಕಚೇರಿಯಿಂದ ಪರ್ಮಿಟ್ ತಗೋಬೇಕು. ನಾವು ಮೊದಲು ಮಾಡಿದ ಕೆಲಸ ಅದೇ.

ಮರ ಕಾಣಲಿಲ್ಲವಲ್ಲ ಅಂತ ನೋಡುತ್ತಿದ್ದೆ. ದ್ವೀಪದಲ್ಲಿ ತಾನಾಗಿ ಬೆಳೆದ ಮರವೇ ಇಲ್ಲ. ಎಲ್ಲೆಲ್ಲೂ ಹುಲ್ಲು, ಬೆರ್ರಿ ಗಿಡ, ಲೂಪಿನ್ ಹೂವು. 1805ರಲ್ಲಿ ರಷ್ಯನ್ನರು ಸಿಟ್ಕಾ ಸ್ಪ್ರೂಸ್ ಸಸಿ ತಂದು ನೆಟ್ಟಿದ್ದರು. ಅದರಲ್ಲಿ ಉಳಿದ ಬೆರಳೆಣಿಕೆಯ ಮರಗಳಿಗೆ ರಾಷ್ಟ್ರೀಯ ಸ್ಮಾರಕದ ಪಟ್ಟ!

ಭಾನುವಾರ, ಈರುಳ್ಳಿ ಗೋಪುರದ ಚರ್ಚ್

ರಷ್ಯನ್ ಆರ್ಥೊಡಾಕ್ಸ್ ಪಂಥದ ಹೋಲಿ ಅಸೆನ್ಷನ್ ಚರ್ಚ್ ಸಮುದ್ರದ ದಂಡೆಯಲ್ಲೇ ಇದೆ. ಬಿಳಿ ಗೋಡೆ, ಹಸಿರು ಈರುಳ್ಳಿ ಗೋಪುರ. ಈಗಿನ ಕಟ್ಟಡ ಮುಗಿದದ್ದು 1896ರಲ್ಲಿ. ಒಳಗೆ ಬೆಂಚಿಲ್ಲ, ಪೂಜೆ ಮುಗಿಯುವ ತನಕ ಎಲ್ಲರೂ ನಿಂತೇ ಇರುತ್ತಾರೆ. ಹಾಡು ಇಂಗ್ಲಿಷ್, ರಷ್ಯನ್ ಚರ್ಚಿನ ಹಳೇ ಭಾಷೆಯಾದ ಸ್ಲಾವೊನಿಕ್, ಉನಾಂಗಾಂ ತುನೂ ಮೂರರಲ್ಲೂ. ಕೊನೆಯದು ಇವರ ಸ್ವಂತ ಭಾಷೆ.

ನನಗೆ ಮೊದಲಿಂದ ಕಾಡುತ್ತಿದ್ದ ಪ್ರಶ್ನೆ ಇದು. ರಷ್ಯನ್ನರು ಇಲ್ಲಿ ಮಾಡಿದ್ದು ಸಣ್ಣ ಪಾಪವಲ್ಲ. 1741ರಲ್ಲಿ ರಷ್ಯಾ ಕಳಿಸಿದ ನಾವಿಕ ಬೇರಿಂಗ್‌ನ ಪ್ರಯಾಣದಲ್ಲಿ ಬದುಕಿ ಉಳಿದವರು ಕಡಲ ನೀರುನಾಯಿಯ ತುಪ್ಪಳ ತಗೊಂಡು ಊರಿಗೆ ಮರಳಿದ್ದೇ ತಡ, ವ್ಯಾಪಾರಿಗಳು ಮುಗಿಬಿದ್ದರು. ಗಂಡಸರನ್ನು ಬೇಟೆಗೆ ಅಟ್ಟಲು ಹೆಂಗಸರು ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದರು. 1763ರಲ್ಲಿ ಉನಲಾಸ್ಕ ಸುತ್ತಲಿನ ದ್ವೀಪದವರು ತಿರುಗಿಬಿದ್ದು ನಾಲ್ಕು ರಷ್ಯನ್ ಹಡಗುಗಳನ್ನು ನಾಶ ಮಾಡಿದರು. ಅದಕ್ಕೆ ಸೇಡು ತೀರಿಸಿಕೊಳ್ಳಲು ಬಂದ ಸೊಲೊವ್ಯೋವ್ ಎಂಬ ರಷ್ಯನ್ ನಾವಿಕ ಹಳ್ಳಿಗಳನ್ನು ಸುಟ್ಟ, ದೋಣಿ ಮುರಿದ, ಈಟಿ ಮುರಿದ. ದೋಣಿ ಇಲ್ಲದಿದ್ದರೆ ಇಲ್ಲಿ ಊಟವಿಲ್ಲ. ಉಳಿದವರನ್ನು ಹಸಿವೂ ಹೊರಗಿನ ಕಾಯಿಲೆಗಳೂ ತಿಂದವು. ನೂರು ವರ್ಷದೊಳಗೆ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗೆ ಬಂತು. ಹಾಗಿದ್ದೂ ಅದೇ ರಷ್ಯನ್ನರ ಚರ್ಚನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಯಾಕೆ?

ಪೂಜೆಯಾದ ಮೇಲೆ ಚಹಾಕ್ಕೆ ಕರೆದರು. ಪಿರೋಕ್ ಅಂತ ಒಂದು ತಿಂಡಿ, ಹಿಟ್ಟಿನ ಹೊದಿಕೆಯೊಳಗೆ ಸಾಲ್ಮನ್ ಮೀನು, ಅನ್ನ, ಈರುಳ್ಳಿ. ಜೊತೆಗೆ ಅಲಾಡಿಕ್, ಎಣ್ಣೆಯಲ್ಲಿ ಕರಿದ ರೊಟ್ಟಿ. ಇವರು ಮೂರು ತಿಂದರು, ಹಡಗಿನ ಉಪವಾಸದ ಬಾಕಿ ತೀರಬೇಕಲ್ಲ. ಪಕ್ಕದಲ್ಲಿ ಕೂತಿದ್ದ ಚರ್ಚಿನ ಹಿರಿಯರಿಗೆ ನನ್ನ ಪ್ರಶ್ನೆ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ಕೊಂದವರು ವ್ಯಾಪಾರಿಗಳು. ಓದಲು ಕಲಿಸಿದ್ದು ಇದು’ ಅಂದರು.

ಇವಾನ್ ವೆನಿಯಾಮಿನೋವ್ ಅನ್ನುವ ಪಾದ್ರಿ 1824ರಲ್ಲಿ ಹೆಂಡತಿ ಮಕ್ಕಳ ಸಮೇತ ಇಲ್ಲಿಗೆ ಬಂದರು. ಹತ್ತು ವರ್ಷ ಇದ್ದು ಭಾಷೆ ಕಲಿತರು. ಇವಾನ್ ಪಾನ್ಕೋವ್ ಎಂಬ ಅಲ್ಯೂಟ್ ಮುಖಂಡನ ಜೊತೆ ಕೂತು, ರಷ್ಯನ್ ಅಕ್ಷರಗಳನ್ನೇ ಹೊಂದಿಸಿಕೊಂಡು ಈ ಭಾಷೆಗೆ ಲಿಪಿ ಮಾಡಿದರು. ಪುಸ್ತಕಗಳು ಅಚ್ಚಾದವು. ಓದುವವರು, ಹಾಡುವವರು, ಮುಂದೆ ಪಾದ್ರಿಗಳೂ ಉನಾಂಗಾನ್‌ರೇ ಆದರು. ಅಮೆರಿಕದ ಶಾಲೆಗಳು ಬಂದಾಗ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಆಗ ಆ ಭಾಷೆಯನ್ನು ತಲೆ ಎತ್ತಿ ಮಾತಾಡಬಹುದಾದ ಜಾಗ ಈ ಚರ್ಚ್. ರಷ್ಯಾ ಹೋಗಿ ನೂರೈವತ್ತು ವರ್ಷದ ಮೇಲಾಯಿತು, ಇದು ಯಾವಾಗಲೋ ಇವರದ್ದೇ ಆಗಿದೆ. ಇವರ ಕ್ರಿಸ್‌ಮಸ್ ಜನವರಿ 7ಕ್ಕೆ. ಬಣ್ಣದ ದೊಡ್ಡ ನಕ್ಷತ್ರವನ್ನು ತಿರುಗಿಸುತ್ತಾ, ಹಾಡುತ್ತಾ ಮನೆ ಮನೆಗೆ ಹೋಗುತ್ತಾರೆ.

ಸೋಮವಾರ, ಮ್ಯೂಸಿಯಂ

ಮ್ಯೂಸಿಯಂ ಆಫ್ ದಿ ಅಲ್ಯೂಷಿಯನ್ಸ್ ಶುರುವಾದದ್ದು 1999ರಲ್ಲಿ. ಹೊರಗೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ದಿನವಿಡೀ ಇಲ್ಲೇ ಕಳೆದೆವು, ಸಾಲಲಿಲ್ಲ.

ಈ ಸೀಮೆಯಲ್ಲಿ ಮನುಷ್ಯರು ನೆಲೆಸಿ ಸುಮಾರು 9,000 ವರ್ಷ. ಮರವಿಲ್ಲ, ಬೇಸಾಯವಿಲ್ಲ, ಬದುಕೆಲ್ಲಾ ಸಮುದ್ರದ್ದು. ಮನೆಯನ್ನು ಅರ್ಧ ನೆಲದೊಳಗೆ ತೋಡಿ, ತೇಲಿಬಂದ ಮರ, ತಿಮಿಂಗಿಲದ ಮೂಳೆಯಿಂದ ಚಾವಣಿ ಮಾಡಿ, ಮೇಲೆ ಹುಲ್ಲು ಹೊದಿಸುತ್ತಿದ್ದರು. ಒಳಗೆ ಹೋಗುವುದು ಚಾವಣಿಯ ಕಂಡಿಯಿಂದ, ಕಚ್ಚು ಕೊರೆದ ಮರದ ಏಣಿ ಇಳಿದು. ಗಂಟೆಗೆ ನೂರು ಕಿಲೋಮೀಟರ್ ಮೀರಿ ಗಾಳಿ ಬೀಸಿದರೂ ಅಲ್ಲಾಡುವ ಗೋಡೆಯೇ ಇಲ್ಲ!

ಅವರ ದೋಣಿ ಇಕ್ಯಾಖ್. ರಷ್ಯನ್ನರು ಬೈದಾರ್ಕಾ ಅಂದರು. ತೇಲಿಬಂದ ಮರದ ತುಂಡುಗಳ ಹಂದರ, ಅದರ ಮೇಲೆ ಸೀ ಲಯನ್ ಚರ್ಮ. ಹಂದರದ ಕೀಲುಗಳಲ್ಲಿ ಮೂಳೆಯ ಚಿಕ್ಕ ಬಿಲ್ಲೆಗಳನ್ನು ಕೂರಿಸುತ್ತಿದ್ದರು, ಅಲೆಗೆ ತಕ್ಕ ಹಾಗೆ ದೋಣಿಯ ಮೈ ಬಾಗುತ್ತಿತ್ತು. ಮೂತಿ ಎರಡಾಗಿ ಸೀಳಿದೆ, ಕೆಳಗಿನದು ನೀರು ಸೀಳಲು, ಮೇಲಿನದು ಅಲೆಯ ಮೇಲೆ ಏರಲು. ಇಂಜಿನಿಯರ್ ಆದ ನಮ್ಮವರು ಇದರ ಮುಂದೆ ನಿಂತವರು ಅಲ್ಲಾಡಲಿಲ್ಲ. ಇದೇ ಜಾಣ್ಮೆ ಇವರಿಗೆ ಮುಳುವೂ ಆಯಿತು. ನೀರುನಾಯಿ ಬೇಟೆಯಲ್ಲಿ ಇವರನ್ನು ಮೀರಿಸುವವರು ಇರಲಿಲ್ಲವಾದ್ದರಿಂದ ರಷ್ಯನ್ ಕಂಪನಿ ಇವರನ್ನು ದೋಣಿ ಸಮೇತ ಕ್ಯಾಲಿಫೋರ್ನಿಯಾದವರೆಗೂ ಒಯ್ದಿತು.

ಮಳೆ ಅಂಗಿ ಮಾಡಿದ್ದು ಸೀ ಲಯನ್ ಕರುಳಿನಿಂದ. ತೊಳೆದು, ಊದಿ, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಸೇರಿಸಿ ನರದ ದಾರದಲ್ಲಿ ಹೊಲಿದದ್ದು. ಕಾಗದದಷ್ಟು ಹಗುರ, ಹನಿ ನೀರು ಒಳಗೆ ಬರುವುದಿಲ್ಲ. ನಾನು ಹಾಕಿಕೊಂಡಿದ್ದ ದುಬಾರಿ ರೇನ್‌ಕೋಟ್ ಒಳಗೆ ಆಗಲೇ ಒದ್ದೆಯಾಗಿತ್ತು. ಬೇಟೆಗಾರರ ಟೋಪಿಗೆ ಹಲಗೆಯನ್ನು ತೆಳ್ಳಗೆ ಕೆತ್ತಿ, ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸುತ್ತಿದ್ದರು. ಮುಂದೆ ಉದ್ದ ಕೊಕ್ಕು, ಹಿಂದೆ ಸೀ ಲಯನ್ ಮೀಸೆ. 1778ರಲ್ಲಿ ಕ್ಯಾಪ್ಟನ್ ಕುಕ್ ಇಲ್ಲಿಗೆ ಬಂದಾಗ ಜೊತೆಗಿದ್ದ ಚಿತ್ರಕಾರ ಜಾನ್ ವೆಬರ್ ಉನಲಾಸ್ಕದ ಗಂಡಸು ಹೆಂಗಸರ ಚಿತ್ರ ಬರೆದಿದ್ದಾನೆ. ಅದರಲ್ಲೂ ಈ ಕೊಕ್ಕಿನ ಟೋಪಿ ಇದೆ.

ನಾನು ಜಾಸ್ತಿ ಹೊತ್ತು ನಿಂತದ್ದು ಅಟ್ಟು ಎಂಬ ದ್ವೀಪದ ಬುಟ್ಟಿಗಳ ಎದುರು. ಕಡಲ ದಂಡೆಯ ಹುಲ್ಲನ್ನು ಉಗುರಿನಿಂದ ಸೀಳಿ ದಾರದಷ್ಟು ಸಣ್ಣಗೆ ಮಾಡಿ ಹೆಣೆದದ್ದು. ನಡುನಡುವೆ ರೇಷ್ಮೆ ದಾರದ ಹೂವು. ನಮ್ಮಮ್ಮ ಇಳಕಲ್ ಸೀರೆಗೆ ಹಾಕುತ್ತಿದ್ದ ಕಸೂತಿಯಷ್ಟೇ ಒತ್ತು, ಆದರೆ ಇದು ಹುಲ್ಲು! ಅಟ್ಟು ಹಳ್ಳಿಯೇ ಈಗ ಇಲ್ಲ. ಅದರ ಕಥೆ ಮರುದಿನದ್ದು.

ಮಂಗಳವಾರ, ಬ್ಯಾಲಿಹೂ ಬೆಟ್ಟ

ಬ್ಯಾಲಿಹೂ ಬೆಟ್ಟದ ಮೇಲೆ ಯುದ್ಧಕಾಲದ ಕೋಟೆಯ ಅವಶೇಷಗಳಿವೆ. ಫಿರಂಗಿ ಕಟ್ಟೆ, ತುಕ್ಕು ಹಿಡಿದ ಬಾಗಿಲು, ಕುಸಿದ ಬಂಕರ್. 1942ರ ಜೂನ್ 3 ಮತ್ತು 4ರಂದು ಜಪಾನಿ ವಿಮಾನಗಳು ಡಚ್ ಹಾರ್ಬರ್ ಮೇಲೆ ಬಾಂಬ್ ಹಾಕಿದವು. ಮುಂದಿನ ದಿನಗಳಲ್ಲೇ ಜಪಾನ್ ಕಿಸ್ಕಾ, ಅಟ್ಟು ದ್ವೀಪಗಳನ್ನು ಹಿಡಿಯಿತು. ಬಂಕರ್ ನೋಡಲು ಬರುವವರು ಇಷ್ಟನ್ನು ಓದಿಕೊಂಡೇ ಬರುತ್ತಾರೆ.

ಅಟ್ಟುವಿನಲ್ಲಿದ್ದ ನಲವತ್ತು ಚಿಲ್ಲರೆ ಹಳ್ಳಿಗರನ್ನು ಜಪಾನಿಗಳು ಹೊಕ್ಕೈಡೊ ದ್ವೀಪದ ಒಟಾರು ಊರಿಗೆ ಸೆರೆ ಒಯ್ದರು. ಹಸಿವು, ಕ್ಷಯದಿಂದ ಅರ್ಧದಷ್ಟು ಜನ ಅಲ್ಲೇ ಸತ್ತರು. 1945ರಲ್ಲಿ ಬಿಡುಗಡೆಯಾಗಿ ಬಂದವರಿಗೆ ಅಮೆರಿಕ ‘ಅಟ್ಟುವಿಗೆ ಹೋಗುವ ಹಾಗಿಲ್ಲ’ ಅಂದಿತು. ಅವರನ್ನು ಆಟ್ಕಾ ದ್ವೀಪದಲ್ಲಿ ಇಳಿಸಿದರು.

ಶತ್ರು ಹೀಗೆ ಮಾಡಿದ, ಸರಿ. ತಮ್ಮದೇ ಸರ್ಕಾರ ಮಾಡಿದ್ದೇನು? ರಕ್ಷಣೆಯ ಹೆಸರಲ್ಲಿ ಒಂಬತ್ತು ಹಳ್ಳಿಗಳ 881 ಉನಾಂಗಾನ್ ಜನರನ್ನು ಹಡಗಿಗೆ ತುಂಬಿತು. ಒಬ್ಬೊಬ್ಬರಿಗೆ ಒಂದು ಪೆಟ್ಟಿಗೆ. ಎಲ್ಲಿಗೆ ಅಂತಲೂ ಹೇಳಲಿಲ್ಲ. ಆಟ್ಕಾ ಹಳ್ಳಿಯನ್ನು ಜಪಾನಿಗಳ ಕೈಗೆ ಸಿಗಬಾರದೆಂದು ನೌಕಾಪಡೆಯೇ ಚರ್ಚ್ ಸಮೇತ ಸುಟ್ಟಿತು. ಉನಲಾಸ್ಕದಲ್ಲಿ ಎಂಟರಲ್ಲಿ ಒಂದು ಪಾಲು ಮೂಲನಿವಾಸಿ ರಕ್ತ ಇದ್ದರೂ ಊರು ಬಿಡಬೇಕು ಅಂತ ಆಜ್ಞೆ. ಬಿಳಿಯರು ಇರಬಹುದು. ಅಪಾಯ ನಿಜವಾಗಿದ್ದರೆ ಬಾಂಬು ರಕ್ತ ನೋಡಿ ಬೀಳುತ್ತದೆಯೇ?

ಅವರನ್ನು ಇಟ್ಟದ್ದು ಆಗ್ನೇಯ ಅಲಾಸ್ಕಾದ ಕಾಡುಗಳಲ್ಲಿ. ಪಾಳುಬಿದ್ದ ಮೀನು ಕಾರ್ಖಾನೆ, ಹಳೇ ಚಿನ್ನದ ಗಣಿಯ ಕೊಟ್ಟಿಗೆಗಳು. ಹಡಗಿನ ಅಜ್ಜಿಯ ತಾಯಿ ಇದ್ದದ್ದು ಫಂಟರ್ ಬೇ ಅನ್ನುವಲ್ಲಿ. ಬಯಲು, ಗಾಳಿ, ಸಮುದ್ರ ನೋಡಿ ಬೆಳೆದವರಿಗೆ ಆ ದಟ್ಟ ಮರಗಳ ನಡುವೆ ಉಸಿರು ಕಟ್ಟಿದ ಹಾಗಾಗುತ್ತಿತ್ತಂತೆ. ಕುಡಿಯಲು ಒಳ್ಳೆ ನೀರಿಲ್ಲ, ಶೌಚಾಲಯವಿಲ್ಲ. ದಡಾರ, ನ್ಯುಮೋನಿಯಾ, ಕ್ಷಯ. ಹತ್ತರಲ್ಲಿ ಒಬ್ಬರು ಸತ್ತರು, ಹೆಚ್ಚಾಗಿ ಮುದುಕರು ಮತ್ತು ಮಕ್ಕಳು. ಈ ನಡುವೆ 1943ರ ಬೇಸಿಗೆಯಲ್ಲಿ ಫಂಟರ್ ಬೇ ಗಂಡಸರನ್ನು ಸರ್ಕಾರ ಮತ್ತೆ ಪ್ರಿಬಿಲೋಫ್‌ಗೆ ಒಯ್ದಿತು. ವಾಸಕ್ಕೆ ಅಪಾಯ ಅಂದ ಜಾಗದಲ್ಲೇ ಆ ಸೀಸನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೀಲ್ ಚರ್ಮ ಸುಲಿಸಿತು. ಇದನ್ನು ಹೇಳುವಾಗಲೂ ಅಜ್ಜಿ ದನಿ ಏರಿಸಿರಲಿಲ್ಲ. ಬರೆಯುವಾಗ ನನಗೇ ಸಿಟ್ಟು ಬರುತ್ತಿದೆ.

ಉನಲಾಸ್ಕದವರು ವಾಪಸು ಬಂದಾಗ ಮನೆಗಳ ಕಿಟಕಿ ಒಡೆದಿತ್ತು, ಸಾಮಾನು ಇರಲಿಲ್ಲ. ಲೂಟಿ ಮಾಡಿದ್ದು ಅಮೆರಿಕದ ಸೈನಿಕರೇ. ಮಕುಶಿನ್, ಕಶೇಗಾ, ಬಿಯೋರ್ಕಾ ಹಳ್ಳಿಗಳು ಮತ್ತೆ ಊರಾಗಿ ನಿಲ್ಲಲೇ ಇಲ್ಲ. 1988ರ ಕಾಯ್ದೆಯಲ್ಲಿ ಸರ್ಕಾರ ಕ್ಷಮೆ ಕೇಳಿತು. ಬದುಕಿದ್ದ ಒಬ್ಬೊಬ್ಬರಿಗೆ 12,000 ಡಾಲರ್ ಕೊಟ್ಟಿತು. ಅದೇ ಕಾಯ್ದೆಯಲ್ಲಿ ಸೆರೆಶಿಬಿರದಲ್ಲಿದ್ದ ಜಪಾನಿ ಅಮೆರಿಕನ್ನರಿಗೆ ಸಿಕ್ಕದ್ದು 20,000.

ಬುಧವಾರ, ವಿಮಾನ ನಿಲ್ದಾಣ

ಇಲ್ಲಿಯ ರನ್‌ವೇ ಬೆಟ್ಟಕ್ಕೂ ನೀರಿಗೂ ನಡುವೆ ಇಕ್ಕಟ್ಟಿನಲ್ಲಿದೆ. ಮಂಜು ಇದ್ದರೆ ವಿಮಾನ ಇಲ್ಲ, ಗಾಳಿ ಇದ್ದರೂ ಇಲ್ಲ. ಬೆಳಗಿನದು ರದ್ದಾಯಿತು. ಹೊರಡುವವರು ಒಂದೆರಡು ದಿನ ಕೈಯಲ್ಲಿ ಇಟ್ಟುಕೊಂಡೇ ಬನ್ನಿ. ಕಾರ್ಖಾನೆ ಕೆಲಸ ಮುಗಿಸಿ ಊರಿಗೆ ಹೊರಟ ಹುಡುಗರು ನೆಲದ ಮೇಲೇ ಬ್ಯಾಗ್ ತಲೆಗಿಟ್ಟು ನಿದ್ದೆ ಹೊಡೆಯುತ್ತಿದ್ದರು. ಅಲ್ಲೇ ಹಳೇ ಹವಾಮಾನ ಕಟ್ಟಡದಲ್ಲಿ ಯುದ್ಧದ ಮ್ಯೂಸಿಯಂ ಇದೆ, ಅದನ್ನೂ ನೋಡಿದ್ದಾಯಿತು.

ಹಡಗಿನ ಅಜ್ಜಿಯ ಮಗಳು ಯಾರನ್ನೋ ಕಳಿಸಲು ಬಂದಿದ್ದರು. ಜೊತೆಗಿದ್ದ ಅಜ್ಜಿಯೇ ಗುರುತು ಹಿಡಿದು ಪರಿಚಯ ಮಾಡಿಸಿದರು. ಭಾಷೆಯ ವಿಷಯ ಬಂತು. ಸರಾಗವಾಗಿ ಮಾತಾಡುವ ಹಿರಿಯರು ಈಗ ತೀರಾ ಕಡಿಮೆ. ಮಕ್ಕಳು ಪದ, ಹಾಡು, ಕುಣಿತ ಕಲಿಯುತ್ತಿದ್ದಾರೆ. ಇಲ್ಲಿಯ ಕವಲಾಂಗಿನ್ ಬುಡಕಟ್ಟಿನವರು ಪ್ರತಿ ಬೇಸಿಗೆಯಲ್ಲಿ ಕುಂಗಾಯುಖ್ ಅಂತ ಒಂದು ಶಿಬಿರ ನಡೆಸುತ್ತಾರೆ. ಬುಟ್ಟಿ ಹೆಣೆಯುವುದು, ಟೋಪಿ ಬಗ್ಗಿಸುವುದು, ಮೀನು ಸೀಳಿ ಒಣಗಿಸುವುದು, ಸೀಲ್ ಕತ್ತರಿಸುವುದು ಎಲ್ಲಾ ಮಕ್ಕಳ ಕೈಯಲ್ಲೇ ಮಾಡಿಸುತ್ತಾರಂತೆ.

‘ನೋಡೋಕೆ ಯಾರು ಬೇಕಾದ್ರೂ ಬರಬಹುದಾ?’ ಅಂತ ಕೇಳಿದೆ.

‘ಬನ್ನಿ. ಸುಮ್ನೆ ನಿಂತು ನೋಡೋ ಹಾಗಿಲ್ಲ, ಚಾಕು ಕೊಡ್ತೀವಿ’ ಅಂದರು. ನಮ್ಮವರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಸಂಜೆಯ ವಿಮಾನ ಆಂಕರೇಜ್ ಬಿಟ್ಟಿದೆ ಅಂತ ಕೂಗಿದರು, ನಿದ್ದೆ ಮಾಡುತ್ತಿದ್ದವರೆಲ್ಲಾ ಎದ್ದು ಸಾಲು ಹಿಡಿದರು.